ಹೆಸರೆಂಬ ಸಾಲ

ಕನ್ನಡದಲ್ಲಿ ‘ಹೆಸರು’ ಎಂಬ ಪದಕ್ಕೆ ನಾವು ಜೋಡಿಸುವ ಕ್ರಿಯಾಪದಗಳನ್ನು ಒಮ್ಮೆ ಗಮನಿಸಿ ನೋಡಿ. ಹೆಸರು ಗಳಿಸುತ್ತೇವೆ, ಹೆಸರು ಉಳಿಸುತ್ತೇವೆ, ಹೆಸರು ಕಳೆದುಕೊಳ್ಳುತ್ತೇವೆ. ಥೇಟ್ ದುಡ್ಡಿನ ಹಾಗೆಯೇ. ಹತ್ತು ಜನ ಸೇರಿದ ಕಡೆ ‘ಅವರದು ಹೆಸರುವಾಸಿ ಮನೆತನ’ ಎಂದರೆ ಆ ಮನೆಯ ತಿಜೋರಿಯಲ್ಲಿ ಏನೋ ಇದೆ ಎಂದೇ ಕೇಳಿದವರು ತಿಳಿಯುತ್ತಾರೆ. ಹೆಣ್ಣು ಕೊಡುವಾಗ, ಹೆಣ್ಣು ತರುವಾಗ, ಕೈಸಾಲ ಕೊಡುವಾಗ, ಅಂಗಡಿಯಲ್ಲಿ ಉದ್ದರಿ ಬರೆಯುವಾಗ ಹೆಸರೇ ಜಾಮೀನು. ಇಷ್ಟು ಬೆಲೆಬಾಳುವ ಈ ವಸ್ತು ನಿಜಕ್ಕೂ ಯಾರ ಸ್ವತ್ತು? ಅದನ್ನು ಹೊತ್ತು ತಿರುಗುವವರದೋ, ಅದನ್ನು ನಂಬಿ ನಡೆಯುವವರದೋ? ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನನ್ನನ್ನು ಈ ಷಷ್ಠೀ ವಿಭಕ್ತಿಯ ಪ್ರಶ್ನೆ ಈಚೆಗೆ ಬಹಳ ಕಾಡತೊಡಗಿದೆ.

ಮನೆತನಗಳ ಮಾತು ಸದ್ಯಕ್ಕೆ ಇರಲಿ. ನಮ್ಮ ದಿನಸಿ ಚೀಟಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಎಷ್ಟೋ ಸಾಮಾನುಗಳನ್ನು ನಾವು ಸಾಮಾನಿನ ಹೆಸರಿನಿಂದ ಬರೆಯುವುದೇ ಇಲ್ಲ, ಕಂಪನಿಯ ಹೆಸರಿನಿಂದ ಬರೆಯುತ್ತೇವೆ. ಸೋಪು, ಟೂತ್‌ಪೇಸ್ಟು, ಚಹಾಪುಡಿ, ಮಗುವಿನ ಪೌಡರು ಎಲ್ಲಕ್ಕೂ ಹೀಗೆಯೇ. ಅಂಗಡಿಯವನು ಬೇರೆ ಯಾವುದನ್ನಾದರೂ ಮುಂದಿಟ್ಟರೆ ‘ಬೇಡಪ್ಪ, ಅದೇ ಕೊಡು’ ಎನ್ನುತ್ತೇವೆ. ಆ ‘ಅದೇ’ ಎಂಬ ಎರಡಕ್ಷರ ನಮ್ಮ ಬಾಯಿಂದ ಬರಲೆಂದು ಕಂಪನಿಗಳು ವರ್ಷಗಟ್ಟಲೆ ದುಡಿಯುತ್ತವೆ, ಕೋಟಿಗಟ್ಟಲೆ ಸುರಿಯುತ್ತವೆ. ದೊಡ್ಡ ಕಂಪನಿಗಳಲ್ಲಿ ಹೊಸ ಗಿರಾಕಿಗಳನ್ನು ಹುಡುಕುವವರು ಒಂದು ಕಡೆ, ಬರಬಹುದಾದ ಅಪಾಯಗಳನ್ನು ಲೆಕ್ಕ ಹಾಕುವವರು ಇನ್ನೊಂದು ಕಡೆ, ಕಂಪನಿಯ ಹೆಸರಿಗೆ ಕುಂದು ಬಾರದಂತೆ ಕಾಯುವವರು ಮತ್ತೊಂದು ಕಡೆ ಕೂತಿರುತ್ತಾರಂತೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಈ ಮೂರನೆಯ ಕೆಲಸದಲ್ಲಿದ್ದಾಳೆ. ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಬಾಗಿನ ಕೊಡಲು ನಮ್ಮ ಮನೆಗೂ ಬಂದಿದ್ದಳು. ಕೆಲಸ ಹೇಗಿದೆಯೇ ಎಂದು ಕೇಳಿದೆ. “ನಮ್ಮಲ್ಲಿ ಎಲ್ಲದಕ್ಕೂ ಒಂದು ಪಟ್ಟಿ ಮಾಡ್ತೀವಿ ಟೀಚರ್. ಈ ಕಡೆ ಅವಕಾಶ, ಆ ಕಡೆ ರಿಸ್ಕು. ರಿಸ್ಕು ಅಂದ್ರೆ ಸಾಮಾನು ತಗೊಂಡವರಿಗೆ ಆಗೋದಲ್ಲ, ಕಂಪನಿಗೆ ಆಗೋದು. ಅದನ್ನ ತಿಳ್ಕೊಳ್ಳೋಕೇ ನನಗೆ ಆರು ತಿಂಗಳು ಹಿಡೀತು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ಸಂಶಯ ಇದೆ ಅಂತ ಬರೆಯೋ ಜಾಗದಲ್ಲಿ ‘ಸಾಬೀತಾಗಿಲ್ಲ’ ಅಂತ ಬರೀ ಅಂತಾರೆ. ಎರಡೂ ನಿಜಾನೇ ಅಲ್ವಾ ಟೀಚರ್? ಹಾಗಾದ್ರೆ ನಾನು ಬರೆದಿದ್ದು ಸುಳ್ಳು ಆಗುತ್ತಾ?”

ತಟ್ಟನೆ ಹೇಳಿಬಿಡುವಂಥ ಉತ್ತರವಲ್ಲ ಅದು. ಸಂಶಯವಿರುವ ಸಂಗತಿ ಸಾಬೀತಾಗಿರುವುದಿಲ್ಲ. ಸಾಬೀತಾಗಿದ್ದರೆ ಅದನ್ನು ಸಂಶಯ ಎನ್ನುವುದೂ ಇಲ್ಲ. ಎರಡು ನಿಜಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಯಾವ ಜಾತಿಯ ಮಾತಾಗುತ್ತದೆ? ಇದನ್ನು ಯೋಚಿಸುತ್ತಾ ಅಲ್ಲಿ ಇಲ್ಲಿ ಓದತೊಡಗಿದಾಗ ನನಗೆ ಸಿಕ್ಕಿದ್ದು ಒಂದೇ ಕಂಪನಿಯ ಎರಡು ಕಥೆಗಳು. ಆ ಕಂಪನಿಯ ಹೆಸರು ಕೇಳದ ಬಾಣಂತಿ ನಮ್ಮ ಊರುಗಳಲ್ಲಿ ಇರಲಾರಳು: ಜಾನ್ಸನ್ ಅಂಡ್ ಜಾನ್ಸನ್.

ಮೊದಲನೆಯ ಕಥೆ 1982ರದು. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲೂ ಸುತ್ತಲಿನ ಊರುಗಳಲ್ಲೂ ಕೆಲವೇ ದಿನಗಳ ಒಳಗೆ ಏಳು ಮಂದಿ ಇದ್ದಕ್ಕಿದ್ದಂತೆ ಸತ್ತುಹೋದರು. ಅವರಲ್ಲಿ ಮೊದಲಿಗಳು ಹನ್ನೆರಡು ವರ್ಷದ ಹುಡುಗಿ. ಇನ್ನೊಂದು ಮನೆಯಲ್ಲಿ ಅಣ್ಣ ಸತ್ತನೆಂದು ದುಃಖದಲ್ಲಿ ಸೇರಿದ್ದ ತಮ್ಮನೂ ಅವನ ಹೆಂಡತಿಯೂ ತಲೆನೋವೆಂದು ಅದೇ ಮನೆಯಲ್ಲಿದ್ದ ಬಾಟಲಿಯಿಂದ ಮಾತ್ರೆ ನುಂಗಿ ತಾವೂ ಸತ್ತರು. ಎಲ್ಲರೂ ನುಂಗಿದ್ದು ಟೈಲೆನಾಲ್ ಎಂಬ ಕ್ಯಾಪ್ಸೂಲ್. ನಾವು ಜ್ವರಕ್ಕೂ ಮೈಕೈ ನೋವಿಗೂ ನುಂಗುವ ಪ್ಯಾರಸಿಟಮಾಲೇ ಅದು. ಯಾರೋ ಪಾಪಿ ಅಂಗಡಿಗಳಲ್ಲಿದ್ದ ಬಾಟಲಿಗಳ ಕ್ಯಾಪ್ಸೂಲ್ ಬಿಚ್ಚಿ ಒಳಗೆ ಸಯನೈಡ್ ತುಂಬಿಟ್ಟಿದ್ದ. ಆ ಕೊಲೆಗಳಿಗೆ ಇಂದಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ.

ತಯಾರಿಸಿದವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಆದರೂ ಕಂಪನಿಯ ಮುಖ್ಯಸ್ಥ ಜೇಮ್ಸ್ ಬರ್ಕ್ ‘ಇದು ಪೊಲೀಸರ ಕೆಲಸ’ ಎಂದು ಕೈತೊಳೆದುಕೊಳ್ಳಲಿಲ್ಲ. ಜಾಹೀರಾತು ನಿಲ್ಲಿಸಿದರು. ಯಾರೂ ನುಂಗಬೇಡಿ ಎಂದು ದೇಶಕ್ಕೆಲ್ಲ ಕೂಗಿ ಹೇಳಿದರು. ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಅಂಗಡಿಗಳಿಂದ ವಾಪಸು ತರಿಸಿದರು. ಅವುಗಳ ಬೆಲೆ 10 ಕೋಟಿ ಡಾಲರಿಗೂ ಹೆಚ್ಚು. ಅಮೆರಿಕದ ನೋವಿನ ಮಾತ್ರೆಗಳ ವ್ಯಾಪಾರದಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾಗಿದ್ದ ಟೈಲೆನಾಲಿನ ಪಾಲು ಕೆಲವೇ ವಾರಗಳಲ್ಲಿ ನೂರಕ್ಕೆ ಎಂಟರ ಆಸುಪಾಸಿಗೆ ಕುಸಿಯಿತು. ಇನ್ನು ಆ ಹೆಸರು ಮುಗಿದ ಹಾಗೆಯೇ ಎಂದವರೇ ಹೆಚ್ಚು. ಆದರೆ ಅದೇ ವರ್ಷ ಮೂರು ಬಗೆಯ ಮೊಹರು ಹಾಕಿದ ಹೊಸ ಡಬ್ಬಿಯಲ್ಲಿ ಅದು ಮತ್ತೆ ಬಂತು, ಒಂದು ವರ್ಷದೊಳಗೆ ಕಳೆದುಕೊಂಡದ್ದರಲ್ಲಿ ಬಹುಪಾಲನ್ನು ಮರಳಿ ಪಡೆಯಿತು. ಇಂದು ನಾವು ಔಷಧಿಯ ಬಾಟಲಿಯ ಮುಚ್ಚಳ ತಿರುಗಿಸಿದರೆ ‘ಟಕ್’ ಎಂದು ಒಡೆಯುವ ಬಳೆ, ಬಾಯಿಗೆ ಅಂಟಿಸಿದ ಹಾಳೆ, ಇವೆಲ್ಲ ಜಗತ್ತಿನಲ್ಲಿ ಇಷ್ಟು ಹರಡಿದ್ದು ಆ ಏಳು ಸಾವುಗಳ ನಂತರವೇ. 1986ರಲ್ಲಿ ನ್ಯೂಯಾರ್ಕಿನ ಕಡೆ ಇನ್ನೊಬ್ಬ ಹೆಂಗಸು ಅದೇ ರೀತಿ ಸತ್ತಾಗ, ಚೀಟಿಯಿಲ್ಲದೆ ಮಾರುವ ಔಷಧಿಗಳಲ್ಲಿ ಬಿಚ್ಚಬಹುದಾದ ಕ್ಯಾಪ್ಸೂಲನ್ನೇ ಕಂಪನಿ ಕೈಬಿಟ್ಟಿತು.

ಈ ಕಂಪನಿಗೆ ಒಂದು ಧ್ಯೇಯಪತ್ರವಿದೆ. 1943ರಲ್ಲಿ ಬರೆದದ್ದು. ತಮ್ಮ ಮೊದಲ ಹೊಣೆ ವೈದ್ಯರು, ದಾದಿಯರು, ರೋಗಿಗಳು ಮತ್ತು ತಾಯಂದಿರಿಗೆ, ಕೊನೆಯ ಹೊಣೆ ಷೇರುದಾರರಿಗೆ ಎಂಬುದು ಅದರ ಸಾರಾಂಶ. 1982ರಲ್ಲಿ ತಾವು ನಡೆದುಕೊಂಡದ್ದು ಆ ಪತ್ರಕ್ಕೆ ತಕ್ಕಂತೆ ಎಂದು ಬರ್ಕ್ ಹೇಳುತ್ತಿದ್ದರು. ವ್ಯಾಪಾರ ಕಲಿಸುವ ಕಾಲೇಜುಗಳಲ್ಲಿ ಇವತ್ತಿಗೂ ಈ ಕಥೆಯನ್ನು ಪಾಠ ಮಾಡುತ್ತಾರೆ. ಮಾಡಲಿ, ಒಳ್ಳೆಯ ಪಾಠವೇ.

ಎರಡನೆಯ ಕಥೆ ನಮ್ಮ ಬಾಣಂತಿ ಕೋಣೆಯದು. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಿಳಿ ಬಟ್ಟೆಯ ಮೇಲೆ ಮಲಗಿಸಿದ ಮಗುವಿನ ಕತ್ತಿನ ಸಂದಿಗೆ, ಕಂಕುಳಿಗೆ ಪೌಡರು ಹಾಕುವಾಗ ಏಳುತ್ತಿದ್ದ ಆ ವಾಸನೆ ನನ್ನ ವಯಸ್ಸಿನ ತಾಯಂದಿರಿಗೆಲ್ಲ ಗೊತ್ತು. ಮಗು ನೋಡಲು ಬಂದವರು ಪೌಡರು, ಸೋಪು, ಎಣ್ಣೆ ಇದ್ದ ಪೆಟ್ಟಿಗೆಯನ್ನು ಉಡುಗೊರೆ ತರುವುದು ವಾಡಿಕೆಯಾಗಿತ್ತು. 1894ರಿಂದ ಇದ್ದ ಪೌಡರು ಅದು. ಅದರ ಮೂಲವಸ್ತು ಟಾಲ್ಕ್ ಎಂಬ ಮೆತ್ತನೆಯ ಖನಿಜ. ನಾವು ಸ್ಲೇಟಿನ ಮೇಲೆ ತೀಡುತ್ತಿದ್ದ, ಹೊಯ್ಸಳರ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕೆತ್ತಿದ ಬಳಪದ ಕಲ್ಲಿನಲ್ಲಿಯೂ ಮುಖ್ಯವಾಗಿ ಇರುವುದು ಇದೇ. ತೊಂದರೆ ಏನೆಂದರೆ ಭೂಮಿಯೊಳಗೆ ಟಾಲ್ಕ್ ಇರುವ ಕಡೆ ಕೆಲವೊಮ್ಮೆ ಕಲ್ನಾರೂ ಇರುತ್ತದೆ. ಕಲ್ನಾರಿನ ಸೂಕ್ಷ್ಮ ಎಳೆಗಳು ದೇಹದೊಳಗೆ ಸೇರಿದರೆ ಕ್ಯಾನ್ಸರ್ ಬರಬಹುದೆಂಬುದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತಿರುವ ವಿಷಯ.

2018ರ ಡಿಸೆಂಬರಿನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ನ್ಯಾಯಾಲಯಗಳಿಗೆ ಬಂದಿದ್ದ ಕಂಪನಿಯ ಕಾಗದಪತ್ರಗಳನ್ನು ಓದಿ ಒಂದು ವರದಿ ಪ್ರಕಟಿಸಿತು. 1971ರಿಂದ 2000ದ ದಶಕದ ಆರಂಭದವರೆಗೆ ನಡೆದ ಕೆಲವು ಪರೀಕ್ಷೆಗಳಲ್ಲಿ ಟಾಲ್ಕಿನಲ್ಲೂ ಪೌಡರಿನಲ್ಲೂ ಅಲ್ಪಸ್ವಲ್ಪ ಕಲ್ನಾರು ಕಂಡಿತ್ತೆಂದೂ, ಇದರ ಬಗ್ಗೆ ಒಳಗೊಳಗೆ ಚಿಂತೆ ನಡೆದಿತ್ತೆಂದೂ, ಸರ್ಕಾರಕ್ಕೂ ಜನರಿಗೂ ತಿಳಿಸಿರಲಿಲ್ಲವೆಂದೂ ಆ ವರದಿ ಹೇಳಿತು. ಕಂಪನಿ ಅದನ್ನು ಖಂಡತುಂಡವಾಗಿ ಅಲ್ಲಗಳೆಯಿತು. ತಮ್ಮ ಪೌಡರು ಸುರಕ್ಷಿತ, ಅದರಲ್ಲಿ ಕಲ್ನಾರಿಲ್ಲ, ಅದರಿಂದ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತನ್ನು ಅದು ಬಿಟ್ಟುಕೊಟ್ಟಿಲ್ಲ. ನಮ್ಮ ದೇಶದ ಅಧಿಕಾರಿಗಳು ಆಗ ಮಾದರಿ ತೆಗೆದು ಪರೀಕ್ಷೆ ಮಾಡಿಸಿದಾಗಲೂ ಕಲ್ನಾರು ಕಾಣಲಿಲ್ಲ. 2019ರ ಫೆಬ್ರವರಿಯಲ್ಲಿ ತಯಾರಿಕೆ ಮತ್ತೆ ಶುರುವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರ ಪರೀಕ್ಷಿಸಿದ ಒಂದು ಬಾಟಲಿಯಲ್ಲಿ ಕಲ್ನಾರಿನ ಅಂಶ ಕಂಡಿದ್ದರಿಂದ ಸುಮಾರು 33,000 ಬಾಟಲಿ ವಾಪಸು ಪಡೆದರು. ಇದನ್ನೆಲ್ಲ ಒಂದು ಪಕ್ಷದ ವಕೀಲಳಾಗಿ ಬರೆಯಲು ನನಗೆ ಇಷ್ಟವಿಲ್ಲ. ಕೋರ್ಟುಗಳಲ್ಲಿ ಕಂಪನಿ ಗೆದ್ದದ್ದೂ ಇದೆ, ಸೋತದ್ದೂ ಇದೆ. ಸೋತದ್ದರಲ್ಲಿ ದೊಡ್ಡದು 2018ರ ಜುಲೈಯ ತೀರ್ಪು. ಅಂಡಾಶಯದ ಕ್ಯಾನ್ಸರಿಗೆ ತುತ್ತಾದ 22 ಹೆಂಗಸರ ಮೊಕದ್ದಮೆಯಲ್ಲಿ ಸೇಂಟ್ ಲೂಯಿಸ್ ನಗರದ ಜ್ಯೂರಿ 469 ಕೋಟಿ ಡಾಲರ್ ಕೊಡಬೇಕೆಂದಿತು. ಮೇಲ್ಮನವಿಯಲ್ಲಿ ಅದು ಸುಮಾರು 210 ಕೋಟಿಗೆ ಇಳಿಯಿತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಂಪನಿಯ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ತೀರ್ಪು ಕೇಳಲು ಆ 22 ಜನರಲ್ಲಿ ಕೆಲವರು ಬದುಕಿರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ವರ್ಷ 2006. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೆಂಗಸರು ಗುಪ್ತಾಂಗಕ್ಕೆ ಟಾಲ್ಕ್ ಪೌಡರು ಹಾಕಿಕೊಳ್ಳುವುದರಿಂದ ಕ್ಯಾನ್ಸರ್ ಬರುವ ‘ಸಾಧ್ಯತೆ ಇದೆ’ ಎಂಬ ಪಟ್ಟಿಗೆ ಅದನ್ನು ಸೇರಿಸಿತು. ಸಾಬೀತಾಗಿದೆ ಎನ್ನಲಿಲ್ಲ, ಗಮನಿಸಿ, ಸಂಶಯವಿದೆ ಎಂದಿತು. ಅದೇ 2006ರಲ್ಲಿ, ಮಾರಾಟ ಇಳಿಯುತ್ತಿರುವ ಪೌಡರಿಗೆ ಹೊಸ ಗಿರಾಕಿಗಳು ಎಲ್ಲಿ ಸಿಗುತ್ತಾರೆ ಎಂದು ಕಂಪನಿಯೊಳಗೆ ಒಂದು ಲೆಕ್ಕ ನಡೆಯಿತೆಂದು ರಾಯ್ಟರ್ಸ್ 2019ರಲ್ಲಿ ವರದಿ ಮಾಡಿತು. ಸೆಕೆ ಹೆಚ್ಚಿರುವ ಪ್ರದೇಶಗಳು, ಕಪ್ಪು ಜನಾಂಗದವರು ಹೆಚ್ಚಾಗಿರುವ ಪ್ರದೇಶಗಳು ಆ ಲೆಕ್ಕದಲ್ಲಿ ‘ಅವಕಾಶ’ವಾಗಿ ಕಂಡಿದ್ದವು. 2021ರಲ್ಲಿ ಆ ದೇಶದ ಕಪ್ಪು ಮಹಿಳೆಯರ ಒಂದು ಹಳೆಯ ಸಂಘಟನೆ ಇದೇ ವಿಷಯವಾಗಿ ಕೋರ್ಟಿಗೆ ಹೋಯಿತು. ತಾವು ಎಲ್ಲ ಬಗೆಯ ಜನರಿಗೂ ಜಾಹೀರಾತು ಕೊಡುತ್ತೇವೆ, ಅದರಲ್ಲಿ ತಪ್ಪೇನು ಎಂಬುದು ಕಂಪನಿಯ ಉತ್ತರ. ಜಾಹೀರಾತು ಕೊಡುವುದು ತಪ್ಪಲ್ಲ, ನಿಜ. ಆದರೆ ಒಂದು ಕೈಯಲ್ಲಿ ಸಂಶಯದ ಕಾಗದ, ಇನ್ನೊಂದು ಕೈಯಲ್ಲಿ ಅವಕಾಶದ ಭೂಪಟ ಇರುವಾಗ, ಭೂಪಟದಲ್ಲಿ ಕಾಣುವ ಆ ಹೆಂಗಸಿಗೆ ಕಾಗದದ ವಿಷಯವನ್ನೂ ಹೇಳಬೇಕಿತ್ತಲ್ಲವೇ? ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಇಲ್ಲಿ ನನಗೆ ಮತ್ತೆ ಕೇಳಿಸಿತು.

ಬೇರೆ ದಾರಿ ಇರಲಿಲ್ಲವೆಂದೂ ಹೇಳುವಂತಿಲ್ಲ. ಜೋಳದ ಪಿಷ್ಟದಿಂದ ಮಾಡಿದ ಪೌಡರನ್ನು ಅದೇ ಕಂಪನಿ 1980ರಿಂದಲೇ ಮಾರುತ್ತಿತ್ತು. ಟಾಲ್ಕ್ ಪೌಡರನ್ನು ಅಮೆರಿಕ, ಕೆನಡಾಗಳಲ್ಲಿ ನಿಲ್ಲಿಸುವುದಾಗಿ ಹೇಳಿದ್ದು 2020ರಲ್ಲಿ. ಇಡೀ ಜಗತ್ತಿನಲ್ಲಿ 2023ರಿಂದ ನಿಲ್ಲಿಸುವುದಾಗಿ ಹೇಳಿದ್ದು 2022ರಲ್ಲಿ. ಅಲ್ಲಿ ನಿಂತು ಇಲ್ಲಿ ನಿಲ್ಲಲು ಇಷ್ಟು ಅಂತರವೇಕೆ ಎಂದು ನಮ್ಮ ಕಡೆಯ ತಾಯಿ ಕೇಳಿದರೆ ಅದು ಅಧಿಕಪ್ರಸಂಗವಲ್ಲ. 2024ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು ‘ಸಾಧ್ಯತೆ ಇದೆ’ ಎಂಬಲ್ಲಿಂದ ‘ಸಂಭವ ಹೆಚ್ಚು’ ಎಂಬ ಮೇಲಿನ ಪಟ್ಟಿಗೆ ಏರಿಸಿತು.

ಈಗ ಎರಡೂ ಕಥೆಗಳನ್ನು ಪಕ್ಕಪಕ್ಕದಲ್ಲಿಡಿ. ಅದೇ ಕಂಪನಿ, ಅದೇ ಧ್ಯೇಯಪತ್ರ, ಅದರಲ್ಲಿ ತಾಯಂದಿರೆಂಬ ಅದೇ ಪದ. ಹಾಗಿದ್ದೂ ನಡತೆ ಇಷ್ಟು ಬೇರೆಯಾದದ್ದು ಏಕೆ? 1982ರವರು ಒಳ್ಳೆಯವರು, ಆಮೇಲೆ ಬಂದವರು ಕೆಟ್ಟವರು ಎಂದು ನಾನು ತಿಳಿಯುವುದಿಲ್ಲ. ಹಾಗೆಂದುಬಿಟ್ಟರೆ ಯೋಚಿಸುವ ಕಷ್ಟ ತಪ್ಪುತ್ತದೆ, ಅಷ್ಟೇ. ನನಗೆ ಕಾಣುವ ಕಾರಣ ಬೇರೆ. 1982ರಲ್ಲಿ ವಿಷ ಹೊರಗಿನಿಂದ ಬಂದಿತ್ತು. ಕಂಪನಿಯೂ ಪೆಟ್ಟು ತಿಂದವರ ಸಾಲಿನಲ್ಲೇ ನಿಂತಿತ್ತು. ಕೂಗಿ ಹೇಳಿದರೆ ದುಡ್ಡು ಹೋಗುತ್ತಿತ್ತೇ ಹೊರತು ಗೌರವ ಹೋಗುತ್ತಿರಲಿಲ್ಲ, ಬದಲಿಗೆ ಹೆಚ್ಚುತ್ತಿತ್ತು. ಪೌಡರಿನ ವಿಷಯದಲ್ಲಿ ಸಂಶಯ ಒಳಗಿನದು. ಡಬ್ಬಿಯ ಒಳಗಿನದು, ಗಣಿಯ ಒಳಗಿನದು, ನೂರು ವರ್ಷದ ನಂಬಿಕೆಯ ಒಳಗಿನದು. ಅಲ್ಲಿ ಬಾಯಿ ಬಿಟ್ಟರೆ ಕುಸಿಯುವುದು ಹೆಸರೇ. ಹೊರಗಿನ ಕಳ್ಳ ಬಂದಾಗ ಕಂಪನಿಗೆ ಬಲ ಕೊಟ್ಟ ಅದೇ ಒಳ್ಳೆಯ ಹೆಸರು, ಒಳಗಿನ ಸಂಶಯ ಬಂದಾಗ ಬಾಯಿಗೆ ಬಟ್ಟೆ ತುರುಕಿತು. ಹೆಸರು ದೊಡ್ಡದಾದಷ್ಟೂ ‘ನಮಗೊಂದು ಅನುಮಾನವಿದೆ’ ಎಂಬ ಚಿಕ್ಕ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದು ಹೆಂಗಸರಾದ ನಮಗೆ ಹೊಸ ವಿಷಯವೇನಲ್ಲ. ಮನೆಗೆ ಕಳ್ಳ ನುಗ್ಗಿದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಅದೇ ಮನೆಯ ಸೊಸೆಯ ತೋಳಿನ ಮೇಲೆ ಬಾಸುಂಡೆ ಎದ್ದಿದ್ದರೆ ಮೊದಲು ಮಾಡುವ ಕೆಲಸ ಬಾಗಿಲು ಮುಚ್ಚುವುದು. ‘ಮನೆ ಮರ್ಯಾದೆ’ ಎಂಬ ಮಾತು ಬರುವುದು ಆವಾಗಲೇ. ಹೆಣ್ಣುಮಗಳೊಬ್ಬಳು ಬಂಧುವೊಬ್ಬನ ಬಗ್ಗೆ ಅಳುಕುತ್ತ ಏನೋ ಹೇಳಲು ಬಂದರೆ ಎಷ್ಟು ಮನೆಗಳಲ್ಲಿ ‘ಶ್, ಹೊರಗೆ ಕೇಳಿಸೀತು’ ಎಂದಿಲ್ಲ? ಆ ಮರ್ಯಾದೆ ಮನೆತನದ್ದು, ಅದಕ್ಕೆ ತೆರುವ ಬೆಲೆ ಮಾತ್ರ ಆ ಹುಡುಗಿಯದು. ಹೆಸರು ಒಬ್ಬರದು, ಬೆಲೆ ಇನ್ನೊಬ್ಬರದು ಆದಾಗಲೆಲ್ಲ ಅಲ್ಲೇನೋ ಅನ್ಯಾಯವಿದೆಯೆಂದು ತಿಳಿಯಲು ಎಂಬಿಎ ಓದಬೇಕಾಗಿಲ್ಲ.

ನಮ್ಮ ಶಾಲೆಗಳೂ ಇದಕ್ಕೆ ಹೊರತಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹಟವಿತ್ತು. ಗೇಟಿನ ಮೇಲೆ ಆ ಬ್ಯಾನರು ಕಟ್ಟಿದರೆ ಮುಂದಿನ ವರ್ಷ ಪ್ರವೇಶಕ್ಕೆ ಸಾಲು ಹೆಚ್ಚು. ಅದೇ ಅವರ ಮಾರುಕಟ್ಟೆ. ಹಾಗಾಗಿ ಒಂಬತ್ತನೆಯ ತರಗತಿಯ ಕೊನೆಗೆ ಗಣಿತ, ಇಂಗ್ಲಿಷಿನಲ್ಲಿ ಹಿಂದಿರುವ ಮಕ್ಕಳ ಅಪ್ಪ ಅಮ್ಮನನ್ನು ಕರೆಸಿ ‘ಬೇರೆ ಶಾಲೆಗೆ ಸೇರಿಸಿ, ನಿಮ್ಮ ಮಗುವಿಗೇ ಒಳ್ಳೆಯದು’ ಎಂದು ನಯವಾಗಿ ಹೇಳುತ್ತಿದ್ದರು. ಒಂದು ವರ್ಷ ಹೀಗೆ ಹೋಗಬೇಕಾಗಿದ್ದವರಲ್ಲಿ ಹೂ ಮಾರುವವಳ ಮಗಳೊಬ್ಬಳಿದ್ದಳು. ಅವಳನ್ನು ಕಳಿಸಬಾರದೆಂದು ನಾವು ಮೂವರು ಶಿಕ್ಷಕಿಯರು ಪಟ್ಟು ಹಿಡಿದು ಉಳಿಸಿಕೊಂಡೆವು. ಅವಳು ಗಣಿತದಲ್ಲಿ ನಪಾಸಾದಳು, ಬ್ಯಾನರು ಕಟ್ಟಲಾಗಲಿಲ್ಲ. ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಆ ವರ್ಷ ಶಾಲೆಗೆ ಹೆಸರು ಬರಲಿಲ್ಲ ನಿಜ, ಆದರೆ ಶಾಲೆ ಇರುವುದು ಯಾರಿಗಾಗಿ ಎಂಬುದು ಆ ಹುಡುಗಿಗೆ ಗೊತ್ತಾಯಿತು.

ಇಷ್ಟು ಓದಿದವರು ನನ್ನನ್ನು ಒಂದು ಮಾತು ಕೇಳಬಹುದು. ‘ಗಾಳಿಮಾತು ಎದ್ದಾಗಲೆಲ್ಲ ಕಂಪನಿ ಬಾಗಿಲು ಹಾಕುತ್ತಾ ಹೋದರೆ ಅಲ್ಲಿ ದುಡಿಯುವವರ ಗತಿಯೇನು? ಸಂಶಯ ಸುಳ್ಳಾಗಿದ್ದರೆ?’ ನ್ಯಾಯವಾದ ಪ್ರಶ್ನೆ. 2015ರ ಮ್ಯಾಗಿ ಪ್ರಕರಣ ನಮಗೆಲ್ಲ ನೆನಪಿದೆ. ಸೀಸದ ಅಂಶ ಮಿತಿ ಮೀರಿದೆಯೆಂದು ಆ ಜೂನ್ ತಿಂಗಳಲ್ಲಿ ದೇಶಾದ್ಯಂತ ಅದನ್ನು ವಾಪಸು ಪಡೆಯಬೇಕಾಯಿತು. 30,000 ಟನ್ನಿಗೂ ಮಿಕ್ಕಿ ನೂಡಲ್ಸನ್ನು ನಾಶಮಾಡಿದರು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ತಯಾರಿಕೆ ನಿಂತಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟು ಆ ನಿಷೇಧವನ್ನು ರದ್ದುಮಾಡಿ ಮತ್ತೆ ಪರೀಕ್ಷೆ ಮಾಡಿಸಿ ಎಂದಿತು. ಆ ಪರೀಕ್ಷೆಗಳಲ್ಲಿ ಸೀಸ ಮಿತಿಯೊಳಗೇ ಇತ್ತು. ನವೆಂಬರಿನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಆ ಐದು ತಿಂಗಳ ಕಷ್ಟವನ್ನು ಹಗುರವಾಗಿ ನೋಡಲಾಗದು.

ಆದರೆ ನಾನು ಕೇಳುತ್ತಿರುವುದು ಬಾಗಿಲು ಹಾಕಿ ಎಂದಲ್ಲ, ಬಾಯಿ ಬಿಡಿ ಎಂದು. ‘ಹೀಗೊಂದು ಸಂಶಯ ಬಂದಿದೆ. ನಾವು ಪರೀಕ್ಷೆ ಮಾಡಿಸುತ್ತಿದ್ದೇವೆ. ಅಲ್ಲಿಯವರೆಗೆ ಬೇಕಾದವರು ಬಳಸಿ, ಬೇಡವಾದವರಿಗೆ ಇನ್ನೊಂದು ಬಗೆಯದಿದೆ’ ಎಂದು ಡಬ್ಬಿಯ ಮೇಲೆ ನಾಲ್ಕು ಸಾಲು ಅಚ್ಚು ಹಾಕಿದರೆ ಕಾರ್ಖಾನೆ ಮುಚ್ಚುವುದಿಲ್ಲ. ಗಿರಾಕಿ ಕಡಿಮೆಯಾಗಬಹುದು. ಹಾಗೆ ಕಡಿಮೆಯಾಗುವ ಗಿರಾಕಿಯೆಂದರೆ ತಿಳಿದೂ ಬೇಡವೆಂದವಳು. ಅವಳಿಗೆ ತಿಳಿಸದೆ ಮಾರಿ ಗಳಿಸಿದ ಲಾಭವನ್ನು ವ್ಯಾಪಾರವೆನ್ನಬಹುದೇ? ಸಂಶಯ ಕೊನೆಗೆ ಸುಳ್ಳಾದರೂ, ಅದು ಸುಳ್ಳೆಂದು ಗೊತ್ತಾಗುವ ತನಕ ತನ್ನ ಮೈಮೇಲೆ, ತನ್ನ ಮಗುವಿನ ಮೈಮೇಲೆ ಏನು ಹಾಕಬೇಕೆಂದು ತೀರ್ಮಾನಿಸುವ ಹಕ್ಕು ಅವಳದು.

ನನ್ನ ವಿದ್ಯಾರ್ಥಿನಿಗೆ ಇದನ್ನೇ ಕಾಗದ ಬರೆದು ತಿಳಿಸಿದೆ. ‘ಸಾಬೀತಾಗಿಲ್ಲ’ ಎಂಬ ವಾಕ್ಯ ಸುಳ್ಳೋ ನಿಜವೋ ಎಂದು ವಾಕ್ಯವನ್ನಷ್ಟೇ ನೋಡಿ ಹೇಳಲಾಗುವುದಿಲ್ಲ ಮಗಳೇ. ಅದನ್ನು ಓದುವವಳನ್ನು ಎದುರಿಗೆ ಕೂರಿಸಿಕೊ. ನಿನಗೆ ಗೊತ್ತಿರುವುದೆಲ್ಲ ಅವಳಿಗೂ ಗೊತ್ತಿದ್ದರೆ ಅವಳು ಆ ಡಬ್ಬಿಯನ್ನು ಹಾಗೆಯೇ ಕೊಂಡುಹೋಗುತ್ತಿದ್ದಳೇ? ಹೌದಾದರೆ ನಿನ್ನ ವಾಕ್ಯ ನಿಜ. ಇಲ್ಲವಾದರೆ, ಒಂದೊಂದು ಅಕ್ಷರ ಸರಿಯಾಗಿದ್ದರೂ, ಆ ವಾಕ್ಯ ಅವಳಿಗೆ ಮಾಡಿದ ಮೋಸ. ಹೀಗೆ ಬರೆಯುವುದು ನನಗೆ ಸುಲಭ. ಮನೆಸಾಲದ ಕಂತು ಕಟ್ಟುವವಳು ಅವಳು, ಮೇಲಧಿಕಾರಿಯ ಮುಖ ನೋಡಬೇಕಾದವಳೂ ಅವಳೇ. ಕೆಲಸ ಬಿಟ್ಟುಬಿಡು ಎಂದು ನಾನು ಬರೆಯಲಿಲ್ಲ. ‘ಸಂಶಯ’ ಎಂಬ ಪದವನ್ನು ನೀನಾಗಿ ಹೊಡೆದುಹಾಕಬೇಡ, ಹೊಡೆದುಹಾಕುವವರು ತಮ್ಮ ಕೈಯಿಂದಲೇ ಹೊಡೆದು ಸಹಿ ಮಾಡಲಿ ಎಂದಷ್ಟೇ ಬರೆದೆ.

ಮೊದಲಿನ ಷಷ್ಠೀ ವಿಭಕ್ತಿಗೆ ಈಗ ಬರೋಣ. ಹೆಸರು ಯಾರದು? ಪೌಡರಿನ ಕಥೆಯ ಕೊನೆಯ ಭಾಗ ಇದಕ್ಕೆ ತಾನಾಗಿಯೇ ಉತ್ತರ ಹೇಳುತ್ತದೆ. ಸಾವಿರಾರು ಹೆಂಗಸರು ಮೊಕದ್ದಮೆ ಹೂಡಿದ ಮೇಲೆ, 2021ರ ಅಕ್ಟೋಬರಿನಲ್ಲಿ ಕಂಪನಿ ಒಂದು ಹೊಸ ಸಂಸ್ಥೆಯನ್ನು ಹುಟ್ಟುಹಾಕಿತು. ಪೌಡರಿಗೆ ಸಂಬಂಧಿಸಿದ ಹೊಣೆಗಳನ್ನೆಲ್ಲ ಅದರ ತಲೆಗೆ ಕಟ್ಟಿತು. ಕೆಲವೇ ದಿನಗಳಲ್ಲಿ ಆ ಹೊಸ ಸಂಸ್ಥೆ ‘ನಾನು ದಿವಾಳಿ’ ಎಂದು ಕೋರ್ಟಿಗೆ ಹೋಯಿತು. ಎಲ್ಲ ಮೊಕದ್ದಮೆಗಳನ್ನು ಒಂದೇ ಕಡೆ ಬೇಗ ತೀರಿಸಲು ಇದೇ ಒಳ್ಳೆಯ ದಾರಿ ಎಂಬುದು ಕಂಪನಿಯ ವಾದ. ಹಣದ ಮುಗ್ಗಟ್ಟೇ ಇಲ್ಲದವರಿಗೆ ದಿವಾಳಿ ಏಕೆ ಎಂದು 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎರಡನೆಯ ಪ್ರಯತ್ನವೂ ಅದೇ ವರ್ಷ ಬಿದ್ದುಹೋಯಿತು. ಮೂರನೆಯದನ್ನು 2025ರ ಮಾರ್ಚಿನಲ್ಲಿ ಇನ್ನೊಂದು ಕೋರ್ಟು ಒಪ್ಪಲಿಲ್ಲ. ಪೌಡರು, ಟೈಲೆನಾಲ್ ಮುಂತಾದ ಸಾಮಾನುಗಳ ವ್ಯಾಪಾರ 2023ರಲ್ಲಿ ಕೆನ್‌ವ್ಯೂ ಎಂಬ ಬೇರೆ ಕಂಪನಿಯ ಪಾಲಾಯಿತು.

ಕಾನೂನಿನ ಸೂಕ್ಷ್ಮಗಳು ನನಗೆ ಬೇಡ. ಆದರೆ ಇಂಥ ಪಾಲುಪಟ್ಟಿಯನ್ನು ನಮ್ಮ ಊರುಗಳಲ್ಲಿ ನಾವು ಕಂಡಿದ್ದೇವೆ. ಮನೆ, ತೋಟ ಹಿರಿಯನಿಗೆ. ಸೊಸೈಟಿಯ ಸಾಲ ಕಿರಿಯನಿಗೆ. ಹೆಸರು ಸ್ವಂತ ಆಸ್ತಿಯೇ ಆಗಿದ್ದರೆ ಹೀಗೆ ಇಟ್ಟುಕೊಳ್ಳಲೂಬಹುದು, ಹಂಚಲೂಬಹುದು. ಆದರೆ ಹೆಸರು ಆಸ್ತಿಯ ಕಡೆಗೆ ಬರೆಯುವಂಥದಲ್ಲ, ಸಾಲದ ಕಡೆಗೆ ಬರೆಯುವಂಥದು ಎಂದು ನನಗನ್ನಿಸುತ್ತದೆ. ಬಾಣಂತಿ ಕೋಣೆಯ ತಾಯಿ ತನ್ನ ಮಗುವನ್ನು ಎದುರಿಗಿಟ್ಟುಕೊಂಡು ಕೊಟ್ಟ ನಂಬಿಕೆಯೇ ಅದರ ಅಸಲು. ಕೇಳಿದಾಗ ನಿಜ ಹೇಳುವುದು, ಕೇಳದಿದ್ದಾಗಲೂ ಹೇಳುವುದು, ಇದೇ ಅದರ ಬಡ್ಡಿ. 1982ರಲ್ಲಿ ಆ ಬಡ್ಡಿ ಕಟ್ಟಿದರು, ಅಸಲು ಬೆಳೆಯಿತು. ಹೆಸರನ್ನು ತಮ್ಮದೇ ಗಂಟೆಂದು ಬಿಗಿಯಾಗಿ ಹಿಡಿದುಕೊಂಡ ಮೇಲೆ ಆದದ್ದನ್ನೂ ನೋಡಿದೆವು.

ಸಾಲ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ನಮ್ಮ ದೇಶದಲ್ಲಿ 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸಾಮಾನಿನಿಂದ ಆಗಬಹುದಾದ ಹಾನಿಯ ಬಗ್ಗೆ ಸರಿಯಾದ ಎಚ್ಚರಿಕೆ ಕೊಡದಿದ್ದರೆ ತಯಾರಿಸಿದವರೇ ಹೊಣೆ ಎಂಬ ಮಾತಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 1915 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಬಹುದು. ಅಷ್ಟು ದೂರ ಹೋಗದಿದ್ದರೂ, ಡಬ್ಬಿಯ ಹಿಂದಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬಹುದು. ‘ಇದರಲ್ಲಿ ಏನಿದೆ?’ ಎಂದು ಅಂಗಡಿಯಲ್ಲಿ ನಿಂತು ಕೇಳಬಹುದು. ಹಿಂದೆ ನಿಂತವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಮನೆಯೊಳಗೂ ಅಷ್ಟೇ. ನಾಳೆ ಮಗಳೋ ಸೊಸೆಯೋ ಮಾತು ಹೊರಡದೆ ಬಾಗಿಲಲ್ಲಿ ನಿಂತಿದ್ದರೆ, ಮನೆತನದ ಹೆಸರು ನೆನಪಾಗುವ ಮೊದಲು ಅವಳನ್ನು ಒಳಗೆ ಕರೆದು ಕೂರಿಸಿ, ಏನಾಯಿತು ಹೇಳಮ್ಮ ಎಂದು ಕೇಳೋಣ.